ಆಡದೆ ಇಟ್ಟ ಆಟದ ಬೆಲೆ

ಕಳೆದ ಆಟಿ ತಿಂಗಳಲ್ಲಿ ಕಾಪುವಿನ ನಮ್ಮ ಹಳೆಮನೆಯ ಅಟ್ಟ ಸೋರತೊಡಗಿತು. ಹೆಂಚು ಬದಲಿಸುವ ಮೊದಲು ಅಲ್ಲಿದ್ದುದನ್ನೆಲ್ಲ ಕೆಳಗಿಳಿಸಬೇಕಾಯಿತು. ತುಕ್ಕು ಹಿಡಿದ ಟ್ರಂಕು, ತೊಟ್ಟಿಲಿನ ಕಾಲು, ಯಾರದೋ ಮದುವೆಯ ಹಿತ್ತಾಳೆ ಹಂಡೆ, ಇವುಗಳ ನಡುವೆ ಎರಡು ಗಂಟುಗಳು ಸಿಕ್ಕವು. ಒಂದರಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಚೆನ್ನೆಮಣೆ. ಇನ್ನೊಂದರಲ್ಲಿ, ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ, ನಾವು ಮಕ್ಕಳಾಗಿದ್ದಾಗ ಆಡುತ್ತಿದ್ದ ವಿಡಿಯೋ ಗೇಮ್: ಹಳದಿಗಟ್ಟಿದ ಪೆಟ್ಟಿಗೆ, ಬಟನ್ನು ಸವೆದ ಎರಡು ರಿಮೋಟು, ಬಾತುಕೋಳಿ ಹೊಡೆಯುವ ಪಿಸ್ತೂಲು ಮತ್ತು ಮೂರು ಕ್ಯಾಸೆಟ್ಟು.

ಅಕ್ಕನ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿ ಈಗಷ್ಟೇ ಕೆಲಸಕ್ಕೆ ಸೇರಿದವನು. ಎರಡೂ ಗಂಟುಗಳನ್ನು ನೋಡಿ, "ಮಾವ, ಇವಕ್ಕೆ ಈಗ ಎಷ್ಟು ಸಿಗಬಹುದು?" ಎಂದ. ತಮಾಷೆಗೆ ಕೇಳಿದ್ದಲ್ಲ. ಹಳೆಯ ವಿಡಿಯೋ ಗೇಮುಗಳ ಮೇಲೆ ಹಣ ಹೂಡುವ ಬಗ್ಗೆ ಅವನು ಕೆಲವು ತಿಂಗಳುಗಳಿಂದ ಓದುತ್ತಿದ್ದ. ಕೂಡಿಟ್ಟ ಸಂಬಳದಲ್ಲಿ ಹೊರದೇಶದಿಂದ ಸೀಲ್ ಒಡೆಯದ ಒಂದು ಆಟವನ್ನು ತರಿಸುವುದೋ, ಅಂಥ ದುಬಾರಿ ಆಟವೊಂದರ ಪಾಲು ಖರೀದಿಸುವುದೋ ಎಂಬ ಯೋಚನೆಯಲ್ಲಿದ್ದ. ಅವನಿಗೆ ಆ ಹೊತ್ತು ಸರಿಯಾದ ಉತ್ತರ ಕೊಡಲು ನನಗಾಗಲಿಲ್ಲ. ಈ ಬರಹ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲು ಆ ಮಾರುಕಟ್ಟೆಯನ್ನೇ ನೋಡೋಣ. 2021ರ ಜುಲೈಯಲ್ಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಎಂಬ ಹರಾಜು ಸಂಸ್ಥೆಯಲ್ಲಿ ‘ದ ಲೆಜೆಂಡ್ ಆಫ್ ಜೆಲ್ಡಾ’ ಆಟದ ಒಂದು ಪ್ರತಿ 8 ಲಕ್ಷ 70 ಸಾವಿರ ಡಾಲರಿಗೆ ಹೋಯಿತು. ಎರಡೇ ದಿನಗಳ ನಂತರ ‘ಸೂಪರ್ ಮಾರಿಯೋ 64’ ಆಟದ ಒಂದು ಪ್ರತಿ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಹನ್ನೊಂದು ಕೋಟಿ ರೂಪಾಯಿಗೂ ಮಿಕ್ಕಿತು. ಅದು ಅಪರೂಪದ ಆಟವೇ? ಅಲ್ಲ. 1996ರಲ್ಲಿ ಬಂದ ಆ ಆಟದ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಅಮೆರಿಕದ ಹಳೆ ಸಾಮಾನಿನ ಅಂಗಡಿಗಳಲ್ಲಿ ಅದೇ ಕ್ಯಾಸೆಟ್ಟು ಸಾಧಾರಣ ಬೆಲೆಗೆ ಸಿಗುತ್ತದೆ. ಹರಾಜಾದ ಪ್ರತಿಯ ಹೆಚ್ಚುಗಾರಿಕೆ ಒಂದೇ: ಅದನ್ನು ಯಾರೂ ತೆರೆದಿರಲಿಲ್ಲ. ಕಾರ್ಖಾನೆಯಲ್ಲಿ ಸುತ್ತಿದ ಪ್ಲಾಸ್ಟಿಕ್ ಹಾಳೆ ಹಾಗೆಯೇ ಇತ್ತು. ಅದನ್ನು ಪರೀಕ್ಷಿಸಿದ ಕಂಪನಿಯೊಂದು ಹತ್ತರಲ್ಲಿ 9.8 ಅಂಕ ಕೊಟ್ಟು, ಗಟ್ಟಿ ಪಾರದರ್ಶಕ ಪೆಟ್ಟಿಗೆಯೊಳಗೆ ಭದ್ರಪಡಿಸಿತ್ತು.

ಕೊಂಡವರು ಕೊಂಡದ್ದು ಒಂದು ಆಟವನ್ನಲ್ಲ, ಯಾರೂ ಆಡಲಿಲ್ಲ ಎಂಬುದರ ಪ್ರಮಾಣಪತ್ರವನ್ನು. ಸಾಹಿತ್ಯದ ಓದುಗರಿಗೆ ಇದು ಸ್ವಲ್ಪ ಪರಿಚಿತ ಎನ್ನಿಸಬಹುದು. ಪುಟ ಕತ್ತರಿಸದ ಮೊದಲ ಮುದ್ರಣದ ಪುಸ್ತಕಕ್ಕೂ ಹೆಚ್ಚು ಬೆಲೆ ಕೊಡುವವರಿದ್ದಾರೆ. ಆದರೆ ಆ ಪುಸ್ತಕದ ಒಡೆಯ ಮನಸ್ಸು ಮಾಡಿದರೆ ಪುಟದ ಅಂಚನ್ನು ಒಂಚೂರು ಎತ್ತಿ ಒಳಗೆ ಇಣುಕಬಹುದು. ಇಲ್ಲಿ ಅದೂ ಸಾಧ್ಯವಿಲ್ಲ. ಜೆಲ್ಡಾದ ಹಳೆಯ ಕ್ಯಾಸೆಟ್ಟಿನೊಳಗೆ ಆಟಗಾರ ಎಲ್ಲಿಗೆ ತಲುಪಿದ್ದಾನೆಂದು ನೆನಪಿಡಲು ಗುಂಡಿಯಾಕಾರದ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಬ್ಯಾಟರಿ ಎಂದಮೇಲೆ ಒಂದು ದಿನ ಅದು ಸಾಯುತ್ತದೆ. ಎಂಟು ಲಕ್ಷ ಡಾಲರಿನ ಡಬ್ಬಿಯೊಳಗಿನ ಆಟ ಈಗಲೂ ನಡೆಯುತ್ತದೆಯೇ ಎಂದು ನೋಡಬೇಕಾದರೆ ಸೀಲ್ ಒಡೆಯಬೇಕು. ಒಡೆದ ಕ್ಷಣದಲ್ಲಿ ಅದರ ಬೆಲೆಯ ಬಹುಪಾಲು ಹೋಗುತ್ತದೆ. ಹಾಗಾಗಿ ಈ ಪೇಟೆಯಲ್ಲಿ ವಸ್ತುವಿನ ಬೆಲೆ ಎಷ್ಟು ಹೆಚ್ಚೋ, ಅದನ್ನು ಪರೀಕ್ಷಿಸುವ ಧೈರ್ಯ ಅಷ್ಟು ಕಡಿಮೆ.

ಈ ಪದ್ಧತಿ ಎಲ್ಲಿಂದ ಬಂತು ಎಂದು ನೋಡಿದರೆ ದಾರಿ ನಾಣ್ಯಗಳ ಕಡೆಗೆ ಹೋಗುತ್ತದೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಸ್ಥಿತಿಯನ್ನು ಅಳೆಯಲು 1ರಿಂದ 70ರವರೆಗಿನ ಅಂಕಪಟ್ಟಿಯನ್ನು ರೂಪಿಸಿದ. ಎಂಬತ್ತರ ದಶಕದಲ್ಲಿ ನಾಣ್ಯಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ ಬಿಲ್ಲೆಯೊಳಗೆ ಮುಚ್ಚಿಡುವ ಕಂಪನಿಗಳು ಹುಟ್ಟಿದವು. ಅಂಕ ಬಿದ್ದಮೇಲೆ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಬೇಕಾದ ಅಗತ್ಯವೇ ಇಲ್ಲ. ಅಂಕವನ್ನೇ ಮಾರಬಹುದು, ಕೊಳ್ಳಬಹುದು. ಅದೇ ಉಪಾಯ ಕ್ರೀಡಾಪಟುಗಳ ಚಿತ್ರವಿರುವ ಕಾರ್ಡುಗಳಿಗೆ, ಕಾಮಿಕ್ಸ್ ಪುಸ್ತಕಗಳಿಗೆ, ಕೊನೆಗೆ ವಿಡಿಯೋ ಗೇಮುಗಳಿಗೆ ಹಬ್ಬಿತು. ಹೆರಿಟೇಜ್ ಸಂಸ್ಥೆಯ ಬೇರೂ ನಾಣ್ಯ ವ್ಯಾಪಾರದಲ್ಲಿದೆ. 2019ರಲ್ಲಿ ಸೀಲ್ ಒಡೆಯದ ‘ಸೂಪರ್ ಮಾರಿಯೋ ಬ್ರದರ್ಸ್’ನ ಒಂದು ಪ್ರತಿ 1 ಲಕ್ಷ 150 ಡಾಲರಿಗೆ ಮಾರಾಟವಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಸುದ್ದಿ ಮಾಡಿದವು. ಸೇರಿ ಕೊಂಡ ಮೂವರಲ್ಲಿ ಒಬ್ಬರು ಇದೇ ಹರಾಜು ಸಂಸ್ಥೆಯ ಸಹಸಂಸ್ಥಾಪಕರು. ಮುಂದೆ 2022ರಲ್ಲಿ, ಅಂಕ ಕೊಡುವ ಕಂಪನಿಯ ಮೇಲೆ ಬೆಲೆ ಏರಿಸಿದ ಆರೋಪ ಹೊರಿಸಿ ಅಮೆರಿಕದಲ್ಲಿ ದಾವೆಯೂ ದಾಖಲಾಯಿತು. ಆರೋಪದ ಸತ್ಯಾಸತ್ಯ ಏನೇ ಇರಲಿ, ಬೆಲೆ ಕಟ್ಟುವವರು, ಮಾರುವವರು, ಕೊಳ್ಳುವವರು ಒಂದೇ ಚಾವಡಿಯಲ್ಲಿ ಕೂತಿರುವ ಪೇಟೆಗೆ ದೂರದಿಂದ ಹಣ ಕಳಿಸುವವನು ಯೋಚಿಸಬೇಕು.

ನಾಣ್ಯದ ಮಾತು ಬಂದಾಗ ನಾನು ಅಳಿಯನನ್ನು ಉಡುಪಿಯ ನಾಣ್ಯ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕನ್ನು ಹುಟ್ಟುಹಾಕಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯನ್ನೇ ಬ್ಯಾಂಕು ಸಂಗ್ರಹಾಲಯವಾಗಿ ಮಾಡಿತು. ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಗಿ ಹೆಸರೂ ಹೋಯಿತು. ಹಳೆಯ ನಾಣ್ಯಗಳ ಮುಂದೆ ನಿಂತಾಗ ನನಗೆ ಕಾಣುವುದು ಅವುಗಳ ಸವೆತ. ಬಾರಕೂರಿನಿಂದ ಆಳಿದ ಆಳುಪರು ತಮ್ಮ ನಾಣ್ಯಗಳಲ್ಲಿ ಜೋಡಿ ಮೀನು ಒತ್ತಿಸಿದವರು. ಅಂಥ ನಾಣ್ಯದ ಮೀನು ಸವೆದಿದ್ದರೆ ಅದು ಎಷ್ಟೋ ಕೈ ದಾಟಿದೆ ಎಂದು ಅರ್ಥ. ಅಕ್ಕಿ, ಮೆಣಸು, ಕುದುರೆ, ಸುಂಕ ಎಲ್ಲವನ್ನೂ ಕಂಡಿದೆ ಎಂದು ಅರ್ಥ. ಇತಿಹಾಸಕಾರನಿಗೆ ಸವೆತವೂ ಒಂದು ಸಾಕ್ಷಿ. ಶೆಲ್ಡನ್ನನ ಪಟ್ಟಿಯಲ್ಲಾದರೋ ಅದು ಅಂಕ ಕಳೆಯುವ ದೋಷ. ಪೂರ್ತಿ 70 ಅಂಕ ಸಿಗುವುದು ಚಲಾವಣೆಗೇ ಬಾರದ ನಾಣ್ಯಕ್ಕೆ. ಹೊರಬಂದ ಮೇಲೆ ಅಳಿಯನಿಗೆ ಇನ್ನೊಂದು ಸಂಗತಿ ನೆನಪಿಸಿದೆ. ಹಳೆಯ ನೋಟು, ನಾಣ್ಯಗಳಿಗೆ ಲಕ್ಷ ಕೊಡುತ್ತೇವೆ ಎಂದು ಮೊಬೈಲಿಗೆ ಬರುವ ಜಾಹೀರಾತುಗಳನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಜನರನ್ನು ಎಚ್ಚರಿಸಬೇಕಾಗಿ ಬಂದಿತ್ತು. ಮಾರಿಯೋ ಕೋಟಿ ದಾಟಿದ ಮರುತಿಂಗಳೇ ಅದು. ಅಟ್ಟದ ಮೇಲೆ ಸಂಪತ್ತಿದೆ ಎಂಬ ಆಸೆ ಅಮೆರಿಕದಲ್ಲೂ ಒಂದೇ, ಅಂಬಲಪಾಡಿಯಲ್ಲೂ ಒಂದೇ.

ಹಾಗಾದರೆ ನಮ್ಮ ಅಟ್ಟದ ವಿಡಿಯೋ ಗೇಮಿಗೆ ಏನು ಸಿಗಬಹುದು? ಏನೂ ಸಿಗುವುದಿಲ್ಲ. ಅದು ನಿಂಟೆಂಡೋ ಅಲ್ಲ, ಅದರ ನಕಲು. ಅಸಲಿ ನಿಂಟೆಂಡೋ ಭಾರತದಲ್ಲಿ ‘ಸಮುರಾಯ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಎಲೆಕ್ಟ್ರಾನಿಕ್ ಸಾಮಾನಿನ ಆಮದಿಗೆ ಇದ್ದ ಕಟ್ಟುಪಾಡಿನಿಂದಾಗಿ ಬಿಡಿಭಾಗ ತಂದು ಇಲ್ಲಿಯೇ ಜೋಡಿಸುತ್ತಿದ್ದರು. 1995ರಲ್ಲಿ ಸೆಗಾ ಕಂಪನಿ ಶಾ ವ್ಯಾಲೇಸ್ ಜೊತೆ ಸೇರಿ ತನ್ನ ಯಂತ್ರವನ್ನು ಇಲ್ಲಿ ತಂದಾಗ ಬೆಲೆ 18,000 ರೂಪಾಯಿ. ಆ ಕಾಲದ ಶಾಲಾ ಮಾಸ್ಟರರೊಬ್ಬರ ಹಲವು ತಿಂಗಳ ಸಂಬಳ. ಹಾಗಾಗಿ ನಮ್ಮ ಕಡೆಗೆ ಬಂದದ್ದು ನಕಲು ಪೆಟ್ಟಿಗೆ. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ, ದುಬೈಯಿಂದ ರಜೆಗೆ ಬಂದ ನೆರೆಮನೆಯವರು, ಇವರ ಸೂಟ್‌ಕೇಸಿನಲ್ಲಿ ಅದು ಊರಿಗೆ ಇಳಿಯಿತು. ಕ್ಯಾಸೆಟ್ಟಿನ ಮೇಲೆ ‘9999 ಆಟಗಳು’ ಎಂದಿರುತ್ತಿತ್ತು. ಒಳಗಿದ್ದದ್ದು ಹತ್ತಿಪ್ಪತ್ತು ಮಾತ್ರ, ಅವೇ ಮತ್ತೆ ಮತ್ತೆ. ಮಾರಿಯೋ, ಕಾಂಟ್ರಾ, ಬಾತುಕೋಳಿ. ಕ್ಯಾಸೆಟ್ಟು ಹಿಡಿಯದಿದ್ದರೆ ತೆಗೆದು ಊದಿ ಮತ್ತೆ ಹಾಕುವುದು. ಕರೆಂಟು ಹೋದರೆ ಆಟ ಮೊದಲಿನಿಂದ.

ನಾವು ಅದರ ಡಬ್ಬಿಯನ್ನು ಇಟ್ಟುಕೊಳ್ಳಲಿಲ್ಲ. ಅದು ಮೊದಲ ಮಳೆಗಾಲದಲ್ಲಿಯೇ ಬೂಸ್ಟು ಹಿಡಿದು ಬಚ್ಚಲ ಒಲೆಗೆ ಹೋಯಿತು. ಒಂದು ಪೆಟ್ಟಿಗೆಯಲ್ಲಿ ಓಣಿಯ ಹದಿನೈದು ಮಕ್ಕಳು ಆಡಿದರು. ಒಬ್ಬನು ಸತ್ತರೆ ರಿಮೋಟು ಮುಂದಿನವನಿಗೆ. ಮೀನುಗಾರಿಕೆಗೆ ರಜೆ ಇರುವ ಮಳೆಗಾಲದಲ್ಲಿ ದೋಣಿಗೆ ಹೋಗುವ ಅಣ್ಣಂದಿರೂ ಬಂದು ಕೂರುತ್ತಿದ್ದರು. ಹೀಗೆ ನಮ್ಮ ಕರಾವಳಿಯಲ್ಲಿ ವಿಡಿಯೋ ಗೇಮಿನ ಇತಿಹಾಸವೆಂದರೆ ಪೂರ್ತಿ ಆಡಿ ಸವೆಸಿದ ಇತಿಹಾಸ. ಸೀಲ್ ಒಡೆಯದ ಡಬ್ಬಿಯನ್ನು ಮಾತ್ರ ಕಾಣುವ ಕಣ್ಣಿಗೆ ಇದು ಕಾಣುವುದೇ ಇಲ್ಲ. ನನ್ನ ತಕರಾರು ಹನ್ನೊಂದು ಕೋಟಿಯ ಬಗ್ಗೆ ಅಲ್ಲ, ಅದು ಕೊಟ್ಟವರ ದುಡ್ಡು. ಆ ಕಣ್ಣನ್ನು ನಾವು ಎರವಲು ತಂದು ನಮ್ಮ ಅಟ್ಟವನ್ನು ನೋಡತೊಡಗಿದರೆ ನಮ್ಮ ಬಾಲ್ಯವೇ ಬೆಲೆಯಿಲ್ಲದ ಕಸವಾಗಿಬಿಡುತ್ತದೆ ಎಂಬುದರ ಬಗ್ಗೆ.

ಚೆನ್ನೆಮಣೆಯ ಕಥೆ ಇದಕ್ಕೆ ತಿರುಗುಮುರುಗು. ಅದಕ್ಕೆ ಈಗ ಬೆಲೆ ಬಂದಿದೆ. ಹಳೆಯ ಮರದ ಸಾಮಾನು ಮಾರುವ ಅಂಗಡಿಗಳಲ್ಲಿ ಕಂಬ, ಬಾಗಿಲುವಾಡ, ಭತ್ತದ ಕಣಜಗಳ ಜೊತೆ ಅದೂ ಕಾಣಿಸುತ್ತದೆ. ಬೆಂಗಳೂರಿನ ಫ್ಲ್ಯಾಟುಗಳ ಗೋಡೆಯಲ್ಲಿ, ರೆಸಾರ್ಟುಗಳ ಜಗಲಿಯಲ್ಲಿ ಅಲಂಕಾರಕ್ಕೆ ಇಟ್ಟದ್ದನ್ನು ನಾನೇ ನೋಡಿದ್ದೇನೆ. ಒಂದು ರೆಸಾರ್ಟಿನಲ್ಲಿ ಅದರ ಗುಳಿಗಳಲ್ಲಿ ಮೇಣದ ಬತ್ತಿ ಉರಿಯುತ್ತಿತ್ತು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ, ಒಟ್ಟು ಐವತ್ತಾರು. ಬರಿಯ ಮಣೆಯನ್ನು ಕೊಂಡವರಿಗೆ ಈ ಲೆಕ್ಕ ಸಿಗುವುದಿಲ್ಲ. ಇಬ್ಬರು ಆಡುವ ಅರಸಾಟ, ಒಬ್ಬರೇ ಕೂತು ಆಡುವ ಸೀತೆಯಾಟ ಇವೂ ಸಿಗುವುದಿಲ್ಲ. ಆಟಿ ತಿಂಗಳಲ್ಲಿ ಹೊರಗೆ ಕೆಲಸವಿಲ್ಲ, ಅಟ್ಟದಲ್ಲಿ ಅಕ್ಕಿಯೂ ಕಡಿಮೆ. ಆ ಬರಗಾಲದ ಹೊತ್ತನ್ನು ಕಳೆಯಲು ಹೆಂಗಸರು ಕೂತು ಕಾಯಿ ಎಣಿಸುತ್ತಿದ್ದರು. ಆಟಿ ಮುಗಿದೊಡನೆ ನಮ್ಮ ಮನೆಯಲ್ಲಿ ಮಣೆ ಕಟ್ಟಿ ಅಟ್ಟಕ್ಕೆ ಏರುತ್ತಿತ್ತು.

ಇನ್ನೊಂದು ಕಟ್ಟಳೆ ಇತ್ತು. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು. ಅದರ ಹಿಂದೆ ಸಿರಿಯ ಕಥೆ ಇದೆ. ಸಿರಿಯ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ. ಚೆನ್ನೆಯಾಟದಲ್ಲಿ ಎದ್ದ ಜಗಳ ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆಯುವಲ್ಲಿಗೆ ಹೋಗಿ, ಇಬ್ಬರೂ ಜೀವ ಕಳೆದುಕೊಳ್ಳುತ್ತಾರೆ. ಕಾರ್ಕಳದ ನಂದಳಿಕೆಯಲ್ಲಿ, ಉಡುಪಿಯ ಹಿರಿಯಡಕದಲ್ಲಿ ಸಿರಿ ಜಾತ್ರೆಯ ರಾತ್ರಿ ಈ ಹೆಸರುಗಳು ಹೆಂಗಸರ ಮೈಮೇಲೆ ಇಂದಿಗೂ ಬರುತ್ತವೆ. ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿಕೊಂಡು 1998ರಲ್ಲಿ ಪ್ರಕಟಿಸಿದ ಸಿರಿ ಪಾಡ್ದನ 15,683 ಸಾಲುಗಳಷ್ಟಿದೆ. ಆಟವೊಂದು ಜಗಳವಾಗಿ, ಸಾವಾಗಿ, ನಿಷೇಧವಾಗಿ, ಹಾಡಾಗಿ, ಜಾತ್ರೆಯಾಗಿ ಉಳಿಯುವುದು ಹೀಗೆ. ಇದರಲ್ಲಿ ಯಾವುದೂ ಮಣೆಯ ಮರದೊಳಗಿಲ್ಲ. ಮಣೆ ಮಾರಿದಾಗ ಇದು ಅದರ ಜೊತೆ ಹೋಗುವುದೂ ಇಲ್ಲ. ಆದರೆ ಮಣೆ ಹೋದ ಮನೆಯಲ್ಲಿ ಇದನ್ನು ಹೇಳಲು ಒಂದು ನೆಪ ಕಡಿಮೆಯಾಗುತ್ತದೆ.

ಇಷ್ಟು ಹೇಳಿದಾಗ ಅಳಿಯ ಒಂದು ನ್ಯಾಯವಾದ ಪ್ರಶ್ನೆ ಕೇಳಿದ. "ಬೆಲೆ ಬಂದದ್ದರಿಂದಲೇ ಅಲ್ಲವೇ ಮಾವ, ಜನ ಈಗ ಮಣೆಯನ್ನು ಒಲೆಗೆ ಹಾಕುತ್ತಿಲ್ಲ?" ಇದನ್ನು ತಳ್ಳಿಹಾಕುವಂತಿಲ್ಲ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿದವರಿಗೆ ಗೊತ್ತು. ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಮನೆಗಳನ್ನು ಕೊಂಡು, ಕಂಬ ತೊಲೆ ಬಿಡಿಸಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ ಅಲ್ಲಿ ನಿಂತಿವೆ. ಅವರು ಹಣ ಕೊಟ್ಟು ಕೊಳ್ಳದೆ ಇದ್ದಿದ್ದರೆ ಅವು ಇಂದು ಇರುತ್ತಿರಲಿಲ್ಲ. ಆದರೆ ಆ ಮನೆಗಳು ವಾಸದ ಗುರುತುಗಳೊಡನೆಯೇ ಬಂದವು. ತುಳಿದು ನುಣುಪಾದ ಹೊಸ್ತಿಲು, ಹೊಗೆ ಹಿಡಿದ ತೊಲೆಯ ಸೊಬಗನ್ನು ಅವರು ದೋಷವೆಂದು ನೋಡಲಿಲ್ಲ. ನಾಳೆ ಹೆಚ್ಚಿಗೆ ಮಾರಬಹುದೆಂದು ಕೊಳ್ಳಲೂ ಇಲ್ಲ. ಸಂಗ್ರಾಹಕನಿಗೂ ಹೂಡಿಕೆದಾರನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಒಬ್ಬನಿಗೆ ವಸ್ತು ಬೇಕು. ಇನ್ನೊಬ್ಬನಿಗೆ ತನಗಿಂತ ಹೆಚ್ಚು ಕೊಡುವ ಮತ್ತೊಬ್ಬ ಬೇಕು. 2021ರ ಜ್ವರ ಇಳಿದ ಮೇಲೆ ಹಲವು ಆಟಗಳ ಬೆಲೆ ಕುಸಿದಾಗ ಮೊದಲನೆಯವನ ಬಳಿ ಕನಿಷ್ಠ ಆಟವಾದರೂ ಉಳಿಯಿತು.

ಈ ಚರ್ಚೆ ನಮಗೆ ದೂರದ್ದೂ ಅಲ್ಲ. ಮಾರಿಯೋ 64 ಹೊರಬಂದ 1996ರಲ್ಲಿಯೇ ಉಡುಪಿಯಲ್ಲಿ ರೋಬೋಸಾಫ್ಟ್ ಕಂಪನಿ ಆರಂಭವಾಯಿತು. ಅದರ ಬೆನ್ನಿಗೆ ಬಂದ 99ಗೇಮ್ಸ್ ಇದೇ ಊರಿನಲ್ಲಿ ಕೂತು ಮೊಬೈಲ್ ಆಟಗಳನ್ನು ಮಾಡಿತು. ‘ಧೂಮ್ 3’, ‘ಸ್ಟಾರ್ ಶೆಫ್’ ಆಟಗಳು ಇಲ್ಲಿಂದಲೇ ಜಗತ್ತಿಗೆ ಹೋದವು. ರಥಬೀದಿಯ ಊರು ವಿಡಿಯೋ ಗೇಮ್ ತಯಾರಿಸುವ ಊರೂ ಆಯಿತು. ಈ ಆಟಗಳಿಗೆ ಡಬ್ಬಿಯಿಲ್ಲ, ಕ್ಯಾಸೆಟ್ಟಿಲ್ಲ, ಸೀಲ್ ಇಲ್ಲ. ಮುಂದೊಂದು ದಿನ ಹರಾಜಿಗಿಡಲು ಇವುಗಳ ಯಾವ ತುಂಡೂ ಇರುವುದಿಲ್ಲ. 2017ರಲ್ಲಿ ಐಫೋನಿನ ವ್ಯವಸ್ಥೆ ಬದಲಾದಾಗ ಹಳೆಯ ವಿನ್ಯಾಸದ ಸಾವಿರಾರು ಆಟಗಳು ಒಂದೇ ಏಟಿಗೆ ನಿಂತುಹೋದವು. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಇಂದು ಯಾವ ಅಂಗಡಿಯಲ್ಲೂ ಹೊಸದಾಗಿ ಸಿಗುವುದಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು. ಡಬ್ಬಿಗೆ ಕೋಟಿ ಸುರಿಯುತ್ತಿರುವ ದೇಶದಲ್ಲಿ ಆಟಗಳ ಗತಿ ಇದು. ಹಣ ಹರಿದ ಕಡೆಗೆ ಉಳಿವು ಹರಿದಿಲ್ಲ.

ಉಡುಪಿಯಲ್ಲಿ ತಯಾರಾದ ಮೊದಮೊದಲ ಆಟಗಳನ್ನು, ಅವು ಓಡುವ ಹಳೆಯ ಫೋನುಗಳ ಸಮೇತ, ಮಣಿಪಾಲದ ಯಾವುದಾದರೂ ಕೋಣೆಯಲ್ಲಿ ಜನ ಕೂತು ಆಡುವಂತೆ ಇಡಬಾರದೇ? ಅವನ್ನು ಮಾಡಿದವರು ಇಲ್ಲಿಯೇ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಪಕ್ಕದ ಮೇಜಿನ ಮೇಲೆ ಒಂದು ಚೆನ್ನೆಮಣೆ, ಆಡಿಸಿ ತೋರಿಸಲು ಒಬ್ಬರು ಅಜ್ಜಿ. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರುಮಾಡಿ ಬ್ಯಾಂಕು ಬೆಳೆಸಿದ ಊರಿಗೆ ಇದು ದೊಡ್ಡ ಹೊರೆಯಲ್ಲ. ಪಿಗ್ಮಿಯ ಗುಟ್ಟು ಇದ್ದದ್ದೂ ಅಲ್ಲಿಯೇ: ಹಣವನ್ನು ಮುಚ್ಚಿಡುವುದರಲ್ಲಿ ಅಲ್ಲ, ಮನೆಮನೆಗೆ ಹೋಗಿ ಎತ್ತಿ ಕೈಯಿಂದ ಕೈಗೆ ದಾಟಿಸುವುದರಲ್ಲಿ.

ಅಳಿಯನಿಗೆ ನಾನು ಕೊಟ್ಟ ಸಲಹೆ ಇಷ್ಟೇ. ನಿನಗೆ ಮಾರಿಯೋ ಇಷ್ಟವಿದ್ದರೆ ತೆರೆದ ಪ್ರತಿಯನ್ನು ಕೊಂಡು ಆಡು. ಹಣ ಬೆಳೆಯಬೇಕಿದ್ದರೆ ಅದಕ್ಕೆ ಬೇರೆ ದಾರಿಗಳಿವೆ, ಅಲ್ಲಿ ಕೊನೆಪಕ್ಷ ಏನನ್ನು ಕೊಂಡೆ ಎಂದು ತೆರೆದು ನೋಡಬಹುದು. ಎರಡನ್ನೂ ಒಂದೇ ಡಬ್ಬಿಯಲ್ಲಿ ಹುಡುಕಬೇಡ. ಅವನು ಪೂರ್ತಿ ಒಪ್ಪಿದನೆಂದು ಹೇಳಲಾರೆ. ಅವನ ಫೋನಿನಲ್ಲಿ ಆ ಹರಾಜಿನ ಪುಟ ಈಗಲೂ ಇದೆ.

ಆ ರಾತ್ರಿ ಮಳೆ ಬಿಡಲಿಲ್ಲ. ವಿಡಿಯೋ ಗೇಮಿನ ಅಡಾಪ್ಟರು ಸತ್ತಿತ್ತು, ಹೊಸ ಟಿವಿಗೆ ಅದರ ವಯರೂ ಹೊಂದಲಿಲ್ಲ. ಕೊನೆಗೆ ಅಮ್ಮ ಚೆನ್ನೆಮಣೆಯನ್ನು ಒರೆಸಿ ಕೆಳಗಿಟ್ಟರು. ಗಂಟಿನಲ್ಲಿ ಐವತ್ತನಾಲ್ಕು ಮಂಜೊಟ್ಟಿ ಮಾತ್ರ ಇದ್ದವು. ಅಂಕ ಕೊಡುವವರು ಬಂದಿದ್ದರೆ ಅಲ್ಲಿಯೇ ಒಂದಷ್ಟು ಕಳೆಯುತ್ತಿದ್ದರು. ಅಮ್ಮ ಅಡುಗೆಮನೆಗೆ ಹೋಗಿ ಎರಡು ಹುಣಸೆ ಬೀಜ ತಂದು ಹಾಕಿ, ಅಳಿಯನನ್ನು ಎದುರು ಕೂರಿಸಿಕೊಂಡರು. ಮೊದಲ ಆಟ ಅವನು ಸೋತ. ಎರಡನೆಯದಕ್ಕೆ ಅವನೇ ಕಾಯಿ ಹಂಚಿದ.